ನಲವತ್ತರ ನಂತರ ಶಿಸ್ತು ಕಲಿಯುವುದು: ಮರವಾದ ಮೇಲೂ ಬಗ್ಗೀತೇ?

ನಡುಹಗಲು

ಎಲ್ಲರಿಗೂ ನಮಸ್ಕಾರ. 'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ' ಅನ್ನೋ ಗಾದೆಯನ್ನ ಮಕ್ಕಳಿಗೆ ಹೇಳಿ ಹೇಳಿ ಕೊನೆಗೆ ನಂಬಿ ಕೂತವರು ದೊಡ್ಡವರೇ. ನಲವತ್ತು ದಾಟಿದವರು ಹೊಸದೇನಾದರೂ ಶುರುಮಾಡಿದರೆ, 'ಇನ್ನು ಈ ವಯಸ್ಸಲ್ಲಿ ಏನು' ಅಂತ ಬೇರೆಯವರು ಅನ್ನುವುದಕ್ಕೆ ಮುಂಚೆ ಅವರ ಮನಸ್ಸೇ ಅಂದಿರುತ್ತೆ.

ನನ್ನ ಪ್ರಶ್ನೆ ಇಷ್ಟೇ. ವಯಸ್ಸಾದಂತೆ ಶಿಸ್ತು ಸುಲಭವಾಗುತ್ತೋ ಕಷ್ಟವಾಗುತ್ತೋ? ಅದನ್ನು ಕಟ್ಟಿಕೊಳ್ಳುವ ಕ್ರಮ ಯಾವುದು? 'ಮನಸ್ಸಿದ್ದರೆ ಮಾರ್ಗ' ಅನ್ನುವಲ್ಲಿಗೆ ನಿಲ್ಲಿಸಬೇಡಿ. ಸ್ವಂತ ಸಾಹಸದ ಕಥೆಗಳೂ ಬೇಡ. ಏನು ಮಾಡಬೇಕು, ಎಷ್ಟು ಮಾಡಬೇಕು, ಎಲ್ಲಿ ಕೈ ಕೊಡುತ್ತೆ, ಯಾಕೆ ಕೈ ಕೊಡುತ್ತೆ ಅನ್ನೋದನ್ನ ತಿಳಿದವರು ಬಿಡಿಸಿ ಬರೆದರೆ ನನ್ನಂಥ ಹಲವರಿಗೆ ಉಪಕಾರವಾಗುತ್ತೆ.

ಹಳೇಬೇರು

ಗಾದೆ ಮರಕ್ಕೆ ಸರಿ, ಮನುಷ್ಯರಿಗೆ ಅಷ್ಟು ಸರಿಯಲ್ಲ. ಬ್ರೆಂಟ್ ರಾಬರ್ಟ್ಸ್ ಮತ್ತು ಜೊತೆಗಾರರು 2006ರಲ್ಲಿ 92 ಗುಂಪುಗಳ ದೀರ್ಘಕಾಲದ ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದರು. ಹೊಣೆಗಾರಿಕೆ, ಅಚ್ಚುಕಟ್ಟು, ಹಿಡಿದ ಕೆಲಸ ಬಿಡದ ಗುಣ ಇವೆಲ್ಲ ಸೇರಿದ ಸ್ವಭಾವ ಇಪ್ಪತ್ತರಿಂದ ನಲವತ್ತರ ನಡುವೆ ಚೆನ್ನಾಗಿ ಏರುತ್ತದೆ, ನಡುವಯಸ್ಸಿನಲ್ಲೂ ಬದಲಾವಣೆ ನಿಲ್ಲುವುದಿಲ್ಲ ಅನ್ನುವುದು ಅಲ್ಲಿ ಕಂಡುಬಂತು. ಅಂದರೆ ನಲವತ್ತರವರು ಕೈಯಲ್ಲಿ ಸ್ವಲ್ಪ ಬಂಡವಾಳ ಇಟ್ಟುಕೊಂಡೇ ಶುರುಮಾಡುತ್ತಾರೆ.

ವಯಸ್ಸು ಕಲಿಸುವ ಮುಖ್ಯ ಪಾಠ ಬೇರೆಯೇ ಇದೆ. ಶಿಸ್ತಿನವರು ಅಂದರೆ ಆಸೆಯ ಜೊತೆ ಕುಸ್ತಿ ಆಡಿ ಗೆಲ್ಲುವವರು ಅಂತ ನಾವೆಲ್ಲ ತಿಳಿದಿರುತ್ತೇವೆ. 2012ರಲ್ಲಿ ವಿಲ್ಹೆಲ್ಮ್ ಹಾಫ್ಮನ್ ತಂಡ ಜರ್ಮನಿಯಲ್ಲಿ 205 ವಯಸ್ಕರನ್ನು ಒಂದು ವಾರ ಹಿಂಬಾಲಿಸಿತು. ದಿನಕ್ಕೆ ಹಲವು ಸಲ ಕೈಯಲ್ಲಿದ್ದ ಸಾಧನ ಸದ್ದು ಮಾಡಿ, 'ಈಗ ಏನು ಬೇಕು ಅನಿಸುತ್ತಿದೆ, ತಡೆಯುತ್ತಿದ್ದೀರಾ' ಅಂತ ಕೇಳುತ್ತಿತ್ತು. ಆತ್ಮನಿಯಂತ್ರಣದಲ್ಲಿ ಮುಂದಿದ್ದವರು ಹೆಚ್ಚು ತಡೆದವರಲ್ಲ, ತಡೆಯಬೇಕಾದ ಸಂದರ್ಭವೇ ಕಡಿಮೆ ಬಂದವರು. ಕುಸ್ತಿಯ ಕಣಕ್ಕೇ ಅವರು ಇಳಿಯುವುದಿಲ್ಲ. ನಾನು ಇಲ್ಲಿ ಬರೆಯುವ ಉಳಿದದ್ದೆಲ್ಲ ಇದೇ ಬೇರಿನ ಕವಲು.

ಹಾಗಾದರೆ ಮೊದಲ ಕೆಲಸ ಮನಸ್ಸನ್ನು ಗಟ್ಟಿ ಮಾಡುವುದಲ್ಲ, ವಸ್ತುಗಳ ಜಾಗ ಬದಲಿಸುವುದು. ರಾತ್ರಿ ಫೋನ್ ಎಲ್ಲಿ ಮಲಗುತ್ತದೆ ಅನ್ನುವುದರಿಂದ ಹಿಡಿಯಿರಿ. ಚಾರ್ಜರ್ ಮಲಗುವ ಕೋಣೆಯಿಂದ ಹೊರಗೆ ಹೋಗಬೇಕು. ಹೆಚ್ಚಿನವರು ಇಲ್ಲೇ ಎಡವುತ್ತಾರೆ: ಒಂದು ಚಾರ್ಜರನ್ನು ಹೊರಗಿಟ್ಟು, ಹಾಸಿಗೆಯ ಪಕ್ಕದ ಇನ್ನೊಂದು ವೈರನ್ನು ಹಾಗೇ ಬಿಟ್ಟಿರುತ್ತಾರೆ. ಮೂರನೇ ರಾತ್ರಿ ಫೋನ್ ವಾಪಸ್ ದಿಂಬಿನ ಪಕ್ಕಕ್ಕೆ ಬಂದಿರುತ್ತದೆ. ಅಲಾರಂ ಬೇಕಲ್ಲ ಅನ್ನುವ ನೆಪಕ್ಕೆ ಒಂದು ಸಣ್ಣ ಗಡಿಯಾರ ಸಾಕು. ತುರ್ತು ಕರೆಯ ಚಿಂತೆ ಇದ್ದರೆ ಆಯ್ದ ನಾಲ್ಕೈದು ನಂಬರುಗಳಿಗೆ ಮಾತ್ರ ರಿಂಗ್ ಬಿಟ್ಟು, ಧ್ವನಿ ಪೂರ್ತಿ ಏರಿಸಿ, ಬಾಗಿಲು ತೆರೆದಿಡಿ.

ಆ್ಯಪ್ ವಿಷಯದಲ್ಲೂ ಹೀಗೇ. ಐಕಾನನ್ನು ಬೇರೆ ಪುಟಕ್ಕೆ ಸರಿಸುವುದರಿಂದ ಏನೂ ಆಗದು, ಬೆರಳು ಎರಡೇ ದಿನದಲ್ಲಿ ಹೊಸ ಜಾಗ ಕಲಿಯುತ್ತದೆ. ಪ್ರತಿ ಸಲ ಲಾಗ್‌ಔಟ್ ಮಾಡಿ, ಪಾಸ್‌ವರ್ಡ್ ಉಳಿಸದೆ ಬಿಡಿ. ಅದನ್ನು ಟೈಪ್ ಮಾಡುವ ಇಪ್ಪತ್ತು ಸೆಕೆಂಡಿನಲ್ಲಿ 'ನಾನು ಯಾಕೆ ಇದನ್ನು ತೆರೆಯುತ್ತಿದ್ದೇನೆ' ಅನ್ನುವ ಪ್ರಶ್ನೆ ತಾನಾಗಿ ಏಳುತ್ತದೆ. ಬೇಕಾದ ಕೆಲಸಕ್ಕೆ ಇದರ ಉಲ್ಟಾ ಮಾಡಿ. ಓದಬೇಕಾದ ಪುಸ್ತಕವನ್ನು ಕಪಾಟಿನಲ್ಲಿ ಇಡಬೇಡಿ, ನಿಲ್ಲಿಸಿದ ಪುಟ ತೆರೆದು ಪೆನ್ಸಿಲ್ ಸಮೇತ ದಿಂಬಿನ ಮೇಲೆ ಇಡಿ. ಮಲಗಬೇಕಾದರೆ ಅದನ್ನು ಕೈಗೆತ್ತಿಕೊಳ್ಳಲೇಬೇಕು.

ಎಣಿಕೆಪುಸ್ತಕ

ಮೇಲಿನದಕ್ಕೆ ಪೂರಕವಾಗಿ, ದಿನಗಳ ಲೆಕ್ಕ. '21 ದಿನ ಮಾಡಿದರೆ ಅಭ್ಯಾಸವಾಗುತ್ತದೆ' ಅನ್ನುವ ಮಾತನ್ನು ದಯವಿಟ್ಟು ಬಿಟ್ಟುಬಿಡಿ. ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಅನ್ನುವ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ, ಬದಲಾದ ಮುಖಕ್ಕೆ ರೋಗಿಗಳು ಒಗ್ಗಿಕೊಳ್ಳಲು ಕನಿಷ್ಠ 21 ದಿನ ಹಿಡಿಯುತ್ತದೆ ಎಂದು ಬರೆದಿದ್ದರು. ಬಾಯಿಂದ ಬಾಯಿಗೆ ಹೋಗುವಾಗ 'ಕನಿಷ್ಠ' ಉದುರಿಹೋಯಿತು, ಮುಖದ ಮಾತು ಎಲ್ಲ ಅಭ್ಯಾಸಗಳ ಮಾತಾಯಿತು.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ತಂಡ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 96 ಜನ ತಲಾ ಒಂದು ಅಭ್ಯಾಸ ಆರಿಸಿಕೊಂಡು 84 ದಿನ ಮಾಡಿದರು. ಯೋಚಿಸದೆ ತಾನಾಗಿ ಆಗುವ ಹಂತ ತಲುಪಲು ಹಿಡಿದ ನಡುಮಟ್ಟದ ಅವಧಿ 66 ದಿನ. ವ್ಯತ್ಯಾಸ ಮಾತ್ರ 18ರಿಂದ 254 ದಿನದವರೆಗೆ ಇತ್ತು. ಈ 254 ಅನ್ನುವುದು ನಡೆದು ನೋಡಿದ ದಿನವಲ್ಲ, ಏರುತ್ತಿದ್ದ ಗೆರೆಯನ್ನು ಮುಂದಕ್ಕೆ ಎಳೆದು ಹಾಕಿದ ಅಂದಾಜು. ಒಂದು ಲೋಟ ನೀರು ಕುಡಿಯುವಂಥ ಕೆಲಸ ಬೇಗ ಕೂರುತ್ತದೆ. ವ್ಯಾಯಾಮಕ್ಕೆ ಅದರ ಸುಮಾರು ಒಂದೂವರೆ ಪಟ್ಟು ಕಾಲ ಬೇಕಾಯಿತು. ನಡುವೆ ಒಂದು ದಿನ ತಪ್ಪಿದರೆ ಏನೂ ಕೆಡಲಿಲ್ಲ. 22ನೇ ದಿನ 'ಇನ್ನೂ ಕಷ್ಟವಾಗುತ್ತಿದೆ, ನನ್ನಿಂದಾಗದು' ಅಂತ ಬಿಡುವವರಿಗೆ ಈ ಕೊನೆಯ ಎರಡು ವಿಷಯ ಗೊತ್ತಿದ್ದರೆ ಸಾಕು, ಅರ್ಧ ಜನ ಉಳಿದುಕೊಳ್ಳುತ್ತಾರೆ ಅನ್ನುವುದು ನನ್ನ ನಂಬಿಕೆ.

ಈಗ ಕ್ರಮ. 'ಯಾವಾಗ ಇದು ಆಗುತ್ತದೋ ಆಗ ಅದನ್ನು ಮಾಡುತ್ತೇನೆ' ಅಂತ ಮೊದಲೇ ಬರೆದಿಡುವ 'ಯಾವಾಗ–ಆಗ' ವಾಕ್ಯವನ್ನು ಮನಃಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಸರ್ ಬಹುಕಾಲದಿಂದ ಅಧ್ಯಯನ ಮಾಡಿದ್ದಾರೆ. ಅದನ್ನು 94 ಪ್ರಯೋಗಗಳ ಲೆಕ್ಕ ಒಟ್ಟುಮಾಡಿ 2006ರಲ್ಲಿ ತೂಗಿ ನೋಡಿದ್ದಾರೆ, ಗಟ್ಟಿ ನಿಂತಿದೆ. ವಾಕ್ಯಕ್ಕೆ ಎರಡೇ ತುಂಡು.

ಮೊದಲನೆಯದು ಕೊಕ್ಕೆ, ಹೊಸ ಕೆಲಸವನ್ನು ನೇತುಹಾಕುವ ಜಾಗ. ದಿನವೂ ತಪ್ಪದೆ ಆಗುವ, ಮುಗಿದದ್ದು ಕಣ್ಣಿಗೆ ಅಥವಾ ಕಿವಿಗೆ ತಿಳಿಯುವ ಘಟನೆ ಅದಾಗಿರಬೇಕು. 'ಬೆಳಿಗ್ಗೆ' ಕೊಕ್ಕೆಯಲ್ಲ. 'ಸಮಯ ಸಿಕ್ಕಾಗ' ಕೊಕ್ಕೆಯೇ ಅಲ್ಲ. '6:30ಕ್ಕೆ' ಅನ್ನುವುದೂ ಸಡಿಲ, ಯಾಕೆಂದರೆ ಗಡಿಯಾರ ನೋಡುವುದನ್ನು ಮೊದಲು ನೆನಪಿಟ್ಟುಕೊಳ್ಳಬೇಕು. 'ಹಲ್ಲುಜ್ಜಿ ಬ್ರಷ್ಷನ್ನು ಸ್ಟ್ಯಾಂಡಿಗೆ ಇಟ್ಟ ಕೂಡಲೇ' ಅನ್ನುವುದು ಕೊಕ್ಕೆ.

ಎರಡನೆಯದು ಕೆಲಸ. ಎರಡು ನಿಮಿಷದೊಳಗೆ ಮುಗಿಯಬೇಕು, ಕೈಕಾಲು ಏನು ಮಾಡುತ್ತವೆ ಅನ್ನುವುದು ವಾಕ್ಯದಲ್ಲಿ ಕಾಣಬೇಕು. 'ವ್ಯಾಯಾಮ ಮಾಡುತ್ತೇನೆ' ಅಲ್ಲ, 'ಚಾಪೆ ಹಾಸಿ ಮಂಡಿಯೂರಿ ಐದು ದಂಡ ಹೊಡೆಯುತ್ತೇನೆ'. ಅಳತೆಗೆ ಒಂದೇ ಪರೀಕ್ಷೆ: ಜ್ವರ ಬಿಟ್ಟ ಮರುದಿನ, ಕೆಲಸ ಮುಗಿಸಿ ರಾತ್ರಿ ಹತ್ತಕ್ಕೆ ಬಂದ ದಿನ ಇದನ್ನು ಮಾಡಬಹುದೇ? ಆಗದಿದ್ದರೆ ಅಳತೆ ದೊಡ್ಡದಾಯಿತು.

ತಪ್ಪುವುದು ಎಲ್ಲಿ? ಕೆಲಸದ ಜಾಗದಲ್ಲಿ 'ಮಾಡುವುದಿಲ್ಲ' ಅಂತ ಬರೆದಾಗ. 'ಫೋನ್ ನೋಡುವುದಿಲ್ಲ' ಅನ್ನುವ ವಾಕ್ಯ ಫೋನನ್ನೇ ನೆನಪಿಸುತ್ತದೆ, ಅದರ ಬದಲಿಗೆ ಏನು ಮಾಡಬೇಕೆಂದು ಹೇಳುವುದಿಲ್ಲ. 'ಕೈ ಫೋನಿನತ್ತ ಹೋದಾಗ ಎದ್ದು ಕಿಟಕಿಯ ಹತ್ತಿರ ನಿಲ್ಲುತ್ತೇನೆ' ಅಂತ ತಿದ್ದಿ. ಒಟ್ಟಿಗೆ ಐದು ವಾಕ್ಯ ಬರೆದಾಗಲೂ ತಪ್ಪುತ್ತದೆ, ಒಂದು ಕೂರುವವರೆಗೆ ಇನ್ನೊಂದು ಬೇಡ. ಕೊಕ್ಕೆ ಒಂದು ಕೋಣೆಯಲ್ಲಿ, ಕೆಲಸ ಇನ್ನೊಂದು ಕೋಣೆಯಲ್ಲಿ ಇದ್ದಾಗಲೂ ಅಷ್ಟೇ. ನಡುವಿನ ಹತ್ತು ಹೆಜ್ಜೆಯಲ್ಲಿ ಯಾರಾದರೂ ಮಾತಾಡಿಸಿದರೆ ಆ ದಿನದ ಕಥೆ ಮುಗಿಯಿತು.

ಬಿಸಿಲುದಾರಿ

ಬೇಜಾರು ಮಾಡ್ಕೋಬೇಡಿ, ಇದೆಲ್ಲ ಯಂತ್ರಕ್ಕೆ ಎಣ್ಣೆ ಬಿಡೋ ಲೆಕ್ಕ ಆಯ್ತು. ಮನೋಬಲ ಅನ್ನೋದು ಒಂದಿದೆಯಲ್ವಾ? ಚಿಕ್ಕ ಮಕ್ಕಳ ಮುಂದೆ ಒಂದು ಮಿಠಾಯಿ ಇಟ್ಟು, ಈಗ ತಿನ್ನದೆ ಕಾದರೆ ಎರಡು ಕೊಡ್ತೀವಿ ಅಂದ ಪ್ರಯೋಗ ಎಲ್ರಿಗೂ ಗೊತ್ತು. ಕಾದ ಮಕ್ಕಳೇ ಮುಂದೆ ಉದ್ಧಾರ ಆದ್ರು. ಅಂದ್ಮೇಲೆ ಅದು ನಾಲ್ಕು ವರ್ಷಕ್ಕೇ ಇರಬೇಕು. ಆಗ ಇಲ್ಲದ್ದು ನಲವತ್ತಕ್ಕೆ ಎಲ್ಲಿಂದ ಬರುತ್ತೆ?

ಹಳೇಬೇರು

ಬೇಜಾರೇನಿಲ್ಲ, ಕೇಳಬೇಕಾದ ಪ್ರಶ್ನೆಯೇ ಇದು. ಆ ಪ್ರಯೋಗ ವಾಲ್ಟರ್ ಮಿಷೆಲ್ ಅವರದ್ದು, ಸ್ಟ್ಯಾನ್‌ಫರ್ಡ್‌ನಲ್ಲಿ 1960ರ ದಶಕದ ಕೊನೆ ಮತ್ತು 70ರ ದಶಕದ ಮೊದಲಲ್ಲಿ ನಡೆದದ್ದು. ಮುಂದೆ ಬೆನ್ನುಹತ್ತಿ ನೋಡಿದ ಮಕ್ಕಳ ಸಂಖ್ಯೆ ಸಣ್ಣದು, ಬಹುತೇಕ ಒಂದೇ ಬಗೆಯ ಮನೆಗಳಿಂದ ಬಂದವರು. 2018ರಲ್ಲಿ ಟೈಲರ್ ವಾಟ್ಸ್ ತಂಡ 900ಕ್ಕೂ ಹೆಚ್ಚು ಮಕ್ಕಳ ಮಾಹಿತಿ ಇಟ್ಟುಕೊಂಡು ನೋಡಿದಾಗ ಕಾಯುವಿಕೆಗೂ ಮುಂದಿನ ಕಲಿಕೆಗೂ ಇದ್ದ ನಂಟು ಅರ್ಧಕ್ಕಿಳಿಯಿತು. ಮನೆಯ ಸ್ಥಿತಿಗತಿ, ಮೊದಲೇ ಇದ್ದ ಕಲಿಕೆಯ ಮಟ್ಟ ಲೆಕ್ಕಕ್ಕೆ ಹಿಡಿದರೆ ಇನ್ನೂ ಬಹಳ ಇಳಿಯಿತು.

ಅದಕ್ಕಿಂತ ಮುಖ್ಯವಾದದ್ದು, ಕಾದ ಮಕ್ಕಳು ಹೇಗೆ ಕಾದರು ಅನ್ನುವುದು. ಮಿಠಾಯಿಯನ್ನೇ ದಿಟ್ಟಿಸುತ್ತಾ ಹಲ್ಲು ಕಚ್ಚಿ ಕೂತವರು ಬೇಗ ಸೋತರು. ಕಣ್ಣು ಮುಚ್ಚಿಕೊಂಡವರು, ತಿರುಗಿ ಕೂತವರು, ತಮ್ಮಷ್ಟಕ್ಕೆ ಹಾಡು ಗುನುಗಿದವರು ಕಾದರು. ಅದು ಬಲವಲ್ಲ, ಉಪಾಯ. ಉಪಾಯವನ್ನು ಯಾವ ವಯಸ್ಸಿನಲ್ಲೂ ಕಲಿಯಬಹುದು.

ಇನ್ನೊಂದು ಮಾತನ್ನೂ ಇಲ್ಲೇ ಸರಿಮಾಡಿಬಿಡೋಣ. ಮನೋಬಲ ಟ್ಯಾಂಕಿನ ನೀರಿದ್ದಂತೆ, ಬಳಸಿದಷ್ಟೂ ಖಾಲಿಯಾಗುತ್ತದೆ ಅನ್ನುವುದು 1998ರ ಒಂದು ಪ್ರಯೋಗದಿಂದ ಪ್ರಸಿದ್ಧವಾಯಿತು. 2016ರಲ್ಲಿ 23 ಪ್ರಯೋಗಾಲಯಗಳು ಎರಡು ಸಾವಿರಕ್ಕೂ ಹೆಚ್ಚು ಜನರ ಮೇಲೆ ಒಂದೇ ಕ್ರಮದಲ್ಲಿ ಪರೀಕ್ಷಿಸಿದಾಗ ಪರಿಣಾಮ ಹೆಚ್ಚುಕಡಿಮೆ ಸೊನ್ನೆ. ಸುಸ್ತು, ನಿದ್ದೆಗೇಡು, ಹಸಿವು ನಿಜ, ಅವನ್ನು ನೋಡಿಕೊಳ್ಳಿ. 'ಇವತ್ತಿನ ಕೋಟಾ ಮುಗಿಯಿತು' ಅನ್ನುವ ನಂಬಿಕೆಯನ್ನು ಮಾತ್ರ ಬಿಡಿ, ಅದು ಸಂಜೆಯ ನೆಪವಾಗಿ ಬೆಳೆಯುತ್ತದೆ.

ನಿಧಾನ

ತಪ್ಪಿದ ದಿನ ಏನು ಮಾಡಬೇಕು ಅನ್ನುವುದನ್ನು ಯಾರೂ ಬರೆಯಲಿಲ್ಲ. ನನ್ನ ಪ್ರಕಾರ ಇಪ್ಪತ್ತರ ಶಿಸ್ತಿಗೂ ಐವತ್ತರ ಶಿಸ್ತಿಗೂ ಇರುವ ಅಂತರವೇ ಇದು. ಇಪ್ಪತ್ತರಲ್ಲಿ ತಪ್ಪದೆ ನಡೆಯಲು ನೋಡುತ್ತೇವೆ. ಐವತ್ತರಲ್ಲಿ ಬೇಗ ವಾಪಸ್ ಬರಲು ಕಲಿತಿರುತ್ತೇವೆ.

ಚಟಗಳಿಂದ ಹೊರಬರುವವರ ಜೊತೆ ಕೆಲಸ ಮಾಡಿದ ಅಲನ್ ಮಾರ್ಲಟ್ ಒಂದು ಸಂಗತಿಯನ್ನು ಗುರುತಿಸಿದ್ದರು. ಜನರನ್ನು ಕೆಡವುವುದು ಮೊದಲ ತಪ್ಪಲ್ಲ. 'ಹೇಗೂ ಕೆಟ್ಟಿತು, ಇನ್ನು ಪೂರ್ತಿ ಕೆಡಲಿ' ಅನ್ನುವ ಆಮೇಲಿನ ಯೋಚನೆ. ಸೋಮವಾರ ತಪ್ಪಿದ್ದಕ್ಕೆ 'ಮುಂದಿನ ಸೋಮವಾರದಿಂದ ಮಾಡೋಣ' ಅನ್ನುವುದು ಇದರದ್ದೇ ರೂಪ. ಒಂದು ದಿನದ ತಪ್ಪನ್ನು ನಾವೇ ಏಳು ದಿನ ಮಾಡಿಕೊಂಡೆವು.

ತಪ್ಪಿದ್ದು ಗೊತ್ತಾದ ಮೊದಲ ಹತ್ತು ನಿಮಿಷದಲ್ಲಿ ಹೀಗೆ ಮಾಡಿ. ಏನಾಯಿತು ಅಂತ ಒಂದು ಸಾಲು ಬರೆಯಿರಿ, ವಿಶೇಷಣ ಇಲ್ಲದೆ. 'ನಾನು ಸೋಮಾರಿ' ಅಲ್ಲ, 'ಊಟವಾದ ಮೇಲೆ ಸೋಫಾದಲ್ಲಿ ಕೂತೆ, ಎದ್ದಾಗ ಹನ್ನೊಂದೂವರೆ'. ಆಮೇಲೆ ಆ ಸಾಲಿನಲ್ಲಿ ತಪ್ಪು ತಿರುವು ಎಲ್ಲಿದೆ ಅಂತ ಅಡಿಗೆರೆ ಹಾಕಿ. ಇಲ್ಲಿ ಅದು 'ಸೋಫಾದಲ್ಲಿ ಕೂತೆ'. ನಾಳೆ ಬದಲಿಸಬೇಕಾದ್ದು ಅದೊಂದನ್ನೇ. ಕೊನೆಗೆ ಆ ದಿನದ ಕೆಲಸದ ಅತಿ ಸಣ್ಣ ರೂಪವನ್ನು ಆಗಲೇ ಮಾಡಿ. ಮೂವತ್ತು ಪುಟ ಓದಬೇಕಿದ್ದರೆ ಅರ್ಧ ಪುಟ. ಲೆಕ್ಕಕ್ಕಾಗಿ ಅಲ್ಲ, ನಾಳೆ ಕೂರುವಾಗ 'ಬಿಟ್ಟುಹೋದದ್ದನ್ನು' ಶುರುಮಾಡುತ್ತಿದ್ದೇನೆ ಅನಿಸದಿರಲಿ ಅಂತ.

ತಮ್ಮನ್ನೇ ಬೈದುಕೊಂಡರೆ ಸರಿಹೋಗುತ್ತೇವೆ ಅಂತ ನಂಬಿದವರು ಬಹಳ. 2010ರಲ್ಲಿ ಮೈಕೆಲ್ ವೋಲ್ ತಂಡ ಕಾಲೇಜು ವಿದ್ಯಾರ್ಥಿಗಳನ್ನು ನೋಡಿತು. ಮೊದಲ ಪರೀಕ್ಷೆಗೆ ಓದುವುದನ್ನು ಮುಂದೂಡಿದ್ದಕ್ಕೆ ತಮ್ಮನ್ನು ಕ್ಷಮಿಸಿಕೊಂಡವರು ಎರಡನೇ ಪರೀಕ್ಷೆಗೆ ಕಡಿಮೆ ಮುಂದೂಡಿದರು. ಕಾರಣ ಸರಳ. ಬೈಗುಳದ ನೆನಪು ಆ ಕೆಲಸಕ್ಕೇ ಅಂಟಿಕೊಳ್ಳುತ್ತದೆ, ಕೆಲಸದ ಹತ್ತಿರ ಹೋದರೆ ಅದೂ ಎದುರಾಗುತ್ತದೆ, ಆದ್ದರಿಂದ ಹತ್ತಿರವೇ ಹೋಗುವುದಿಲ್ಲ.

ಎರಡು ದಿನ ಸತತ ತಪ್ಪಿದರೆ ಕೆಲಸದ ಅಳತೆ ಅರ್ಧ ಮಾಡಿ. ಒಂದೇ ವಾರದಲ್ಲಿ ನಾಲ್ಕು ಸಲ ತಪ್ಪಿದರೆ ಅಳತೆಯ ಗೋಜಿಗೆ ಹೋಗದೆ ಕೊಕ್ಕೆಯನ್ನೇ ಬದಲಿಸಿ.

ತಂಬೂರಿ

ಮನಸ್ಸಿನ ಮಾತಾಯಿತು, ದೇಹದ್ದನ್ನು ಸ್ವಲ್ಪ ಹೇಳುತ್ತೇನೆ. ಮೂವತ್ತರ ನಂತರ ಪ್ರತಿ ಹತ್ತು ವರ್ಷಕ್ಕೆ ಸುಮಾರು 3ರಿಂದ 8 ಶೇಕಡಾ ಸ್ನಾಯು ಕರಗುತ್ತದೆ, ಅರವತ್ತರ ನಂತರ ಇನ್ನೂ ಜೋರಾಗಿ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ಚಲನೆ, ಜೊತೆಗೆ ಎರಡು ದಿನವಾದರೂ ಸ್ನಾಯು ಬಲಪಡಿಸುವ ವ್ಯಾಯಾಮ ಅಂದಿದೆ. ನಡಿಗೆಯನ್ನು ಎಲ್ಲರೂ ಮಾಡುತ್ತಾರೆ, ಎರಡನೆಯದನ್ನು ಬಿಡುತ್ತಾರೆ.

ಎಲ್ಲಕ್ಕಿಂತ ಸುಲಭದ್ದು ಕುರ್ಚಿಯಿಂದ ಏಳುವುದು. ಕೈ ಇಲ್ಲದ, ಚಕ್ರ ಇಲ್ಲದ ಕುರ್ಚಿ, ಆಸನ ನೆಲದಿಂದ ಸುಮಾರು 43 ಸೆಂ.ಮೀ. ಎತ್ತರ, ಕುರ್ಚಿಯ ಬೆನ್ನು ಗೋಡೆಗೆ ತಾಗಿರಲಿ, ಕುರ್ಚಿ ಜಾರಬಾರದು. ಆಸನದ ಮುಂದಿನ ಅರ್ಧದಲ್ಲಿ ಕೂತು, ಪಾದಗಳನ್ನು ಸೊಂಟದಗಲ ಬಿಟ್ಟು, ಕೈ ಎದೆಯ ಮೇಲೆ ಅಡ್ಡ ಕಟ್ಟಿ. ಎರಡು ಎಣಿಸುವಷ್ಟರಲ್ಲಿ ಏಳಿ, ಮೂರು ಎಣಿಸುತ್ತಾ ಕೂರಿ. 8 ಸಲ, ಒಂದು ನಿಮಿಷ ಬಿಡುವು, ಹೀಗೆ ಮೂರು ಸುತ್ತು. ವಾರಕ್ಕೆ ಎರಡು ದಿನ, ನಡುವೆ ಒಂದು ದಿನವಾದರೂ ಅಂತರ. 12 ಸಲ ಆರಾಮಾಗಿ ಆದ ಮೇಲೆ ಕೈಯಲ್ಲಿ ಭಾರ ಹಿಡಿಯಿರಿ. ಕೂರುವಾಗ ಧೊಪ್ಪನೆ ಬೀಳುವುದು, ಏಳುವಾಗ ಮಂಡಿಗಳು ಒಳಕ್ಕೆ ವಾಲುವುದು, ಉಸಿರು ಕಟ್ಟುವುದು ಸಾಮಾನ್ಯ ತಪ್ಪುಗಳು. ಉಸಿರು ಕಟ್ಟಿದರೆ ರಕ್ತದೊತ್ತಡ ಏರುತ್ತದೆ, ಆದ್ದರಿಂದ ಏಳುವಾಗ ಉಸಿರು ಬಿಡಿ. ಮಂಡಿ ನೋವು, ಹೃದಯದ ತೊಂದರೆ ಇರುವವರು ಮೊದಲು ವೈದ್ಯರನ್ನು ಕೇಳಲೇಬೇಕು.

ನಿದ್ದೆಗೆ ಏಳು ಗಂಟೆಯಾದರೂ ಬೇಕು. ಮಲಗುವ ಹೊತ್ತನ್ನು ಹಿಡಿಯಲು ಹೋಗಬೇಡಿ, ಏಳುವ ಹೊತ್ತನ್ನು ಹಿಡಿಯಿರಿ, ರಜೆಯ ದಿನವೂ. ಮಲಗುವ ಹೊತ್ತು ಹಿಂದಿನಿಂದ ತಾನಾಗಿ ಬರುತ್ತದೆ. ಕಾಫಿಯ ಕೆಫೀನ್ ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ ಬೇಕು, ಸಂಜೆ ಐದಕ್ಕೆ ಕುಡಿದದ್ದರ ಅರ್ಧ ರಾತ್ರಿ ಹತ್ತಕ್ಕೂ ಮೈಯಲ್ಲಿರುತ್ತದೆ.

ನಡುಹಗಲು

ಇಷ್ಟು ವಿವರ ಸಿಗುತ್ತೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಧನ್ಯವಾದ. ಒಂದು ಉಳಿದಿದೆ. ವ್ಯಾಯಾಮ, ಓದು ಇವೆಲ್ಲ ಕಣ್ಣಿಗೆ ಕಾಣುವ ಶಿಸ್ತು. ಸಿಟ್ಟು, ನಾಲಿಗೆ, ಆಗಲ್ಲ ಅನ್ನಲಾಗದೆ ಒಪ್ಪಿಕೊಳ್ಳುವುದು, ಇವುಗಳಿಗೂ ಕ್ರಮ ಅಂತ ಇದೆಯಾ?

ಅಂಗಳ

ಇದೆ. ವಯಸ್ಸು ನಮ್ಮ ಕಡೆ ನಿಲ್ಲುವ ಜಾಗವೂ ಇದೇ. ಲಾರಾ ಕಾರ್ಸ್ಟೆನ್ಸನ್ ಅವರ ದೀರ್ಘಕಾಲದ ಕೆಲಸ ಹೇಳುವುದು, ಉಳಿದಿರುವ ಕಾಲ ಸೀಮಿತ ಅಂತ ಅನಿಸಿದಷ್ಟೂ ಜನ ಅರ್ಥವಿರುವ ಸಂಬಂಧಗಳನ್ನು ಆರಿಸಿಕೊಳ್ಳುತ್ತಾರೆ, ಮನಸ್ಸಿನ ಏರಿಳಿತ ಹದಕ್ಕೆ ಬರುತ್ತದೆ ಅಂತ.

ಸಿಟ್ಟನ್ನು 'ಹೊರಹಾಕಿದರೆ ಹಗುರ' ಅನ್ನುವುದು ತಪ್ಪು ತಿಳಿವಳಿಕೆ. 2002ರಲ್ಲಿ ಬ್ರಾಡ್ ಬುಶ್ಮನ್ ಮಾಡಿದ ಪ್ರಯೋಗದಲ್ಲಿ, ಸಿಟ್ಟು ಬರಿಸಿದವರನ್ನು ನೆನೆಯುತ್ತಾ ಮರಳುಚೀಲಕ್ಕೆ ಗುದ್ದಿದವರ ಸಿಟ್ಟು ಹೆಚ್ಚಿತು, ಸುಮ್ಮನೆ ಕೂತವರದ್ದು ಕಡಿಮೆ ಇತ್ತು. ಗುದ್ದುವುದೂ ಕೂಗುವುದೂ ಸಿಟ್ಟಿನ ತಾಲೀಮು.

ಸಿಟ್ಟು ಮಾತಾಗುವ ಮೊದಲು ಮೈಯಲ್ಲಿ ಬರುತ್ತದೆ. ದವಡೆ ಬಿಗಿಯುವುದು, ಕಿವಿ ಬಿಸಿಯಾಗುವುದು, ಎದುರಿನವರ ಮಾತಿನ ನಡುವೆ ಬಾಯಿ ಹಾಕಬೇಕೆನಿಸುವುದು. ನಿಮ್ಮದು ಯಾವುದು ಅಂತ ಒಂದು ವಾರ ಗುರುತು ಮಾಡಿಕೊಳ್ಳಿ. ಅದೇ ಎಣಿಕೆಪುಸ್ತಕ ಅವರು ಹೇಳಿದ ಕೊಕ್ಕೆ. 'ದವಡೆ ಬಿಗಿದ ಕೂಡಲೇ ನಾಲ್ಕು ಎಣಿಸುತ್ತಾ ಉಸಿರು ಎಳೆದು ಆರು ಎಣಿಸುತ್ತಾ ಬಿಡುತ್ತೇನೆ, ಹತ್ತು ಸಲ.' ನೂರು ಸೆಕೆಂಡಿನ ಕೆಲಸ. ಎದುರಿಗೆ ಜನ ಇದ್ದರೆ 'ಎರಡು ನಿಮಿಷ, ಬಂದೆ' ಅಂದು ಎದ್ದು ಹೋಗಿ, ಹೇಳಿದಂತೆ ಬನ್ನಿ. ಬರದೇ ಹೋದರೆ ಅದು ಬಾಗಿಲು ಬಡಿದು ಹೋದಂತೆಯೇ ಆಗುತ್ತದೆ.

ಬರೆದು ಕಳಿಸುವ ಸಿಟ್ಟಿಗೆ ಬೇರೆ ಕ್ರಮ. ಪೂರ್ತಿ ಬರೆಯಿರಿ, ಆದರೆ ಸಂದೇಶದ ಪೆಟ್ಟಿಗೆಯೊಳಗೆ ಬರೆಯಬೇಡಿ. ಕಳಿಸಬೇಕಾದವರ ವಿಳಾಸ ಇಲ್ಲದ ಕಡೆ ಬರೆದಿಟ್ಟು, ಒಂದು ರಾತ್ರಿ ಕಳೆದ ಮೇಲೆ ಗಟ್ಟಿಯಾಗಿ ಓದಿ. 'ಯಾವಾಗಲೂ', 'ಒಂದು ಸಲವಾದರೂ', 'ನಿಮ್ಮಂಥವರು' ಅನ್ನುವ ಪದಗಳನ್ನು ಹೊಡೆದುಹಾಕಿ. ಉಳಿದದ್ದರಲ್ಲಿ ಏನಾಗಬೇಕು ಅನ್ನುವ ಒಂದು ಬೇಡಿಕೆ ಕಂಡರೆ ಕಳಿಸಿ, ಇಲ್ಲದಿದ್ದರೆ ಕಳಿಸುವಂಥದ್ದು ಅದರಲ್ಲಿಲ್ಲ.

ಆಗಲ್ಲ ಅನ್ನುವುದಕ್ಕೆ ಬರೋಣ. ಜನ ಎಡವುವುದು ಕಾರಣಗಳ ಸರಮಾಲೆ ಕೊಡುವುದರಲ್ಲಿ. ಮೂರು ಕಾರಣ ಕೊಟ್ಟರೆ ಎದುರಿನವರು ಮೂರನ್ನೂ ಪರಿಹರಿಸಿಕೊಡುತ್ತಾರೆ, ಆಮೇಲೆ ಒಪ್ಪದೆ ದಾರಿಯಿಲ್ಲ. 'ಈ ತಿಂಗಳು ನನ್ನಿಂದ ಆಗುವುದಿಲ್ಲ, ಕೇಳಿದ್ದಕ್ಕೆ ಸಂತೋಷ' ಇಷ್ಟು ಸಾಕು. 'ನೋಡಿ ಹೇಳ್ತೀನಿ' ಅನ್ನುವುದು ದಾಕ್ಷಿಣ್ಯದಂತೆ ಕಾಣುತ್ತದೆ, ನಿಜದಲ್ಲಿ ಅದು ಎದುರಿನವರ ಕಾಲವನ್ನು ತಿನ್ನುತ್ತದೆ. ನಿಜವಾಗಿ ನೋಡಬೇಕಿದ್ದರೆ ದಿನ ಹೇಳಿ: 'ಗುರುವಾರ ಸಂಜೆಯೊಳಗೆ ತಿಳಿಸುತ್ತೇನೆ'.

ಕ್ಷಮೆ ಕೇಳುವುದೂ ಶಿಸ್ತೇ. ಮಾಡಿದ್ದು ಏನು, ಅದರಿಂದ ಅವರಿಗೆ ಏನಾಯಿತು, ಮುಂದೆ ನಾನು ಏನು ಬದಲಿಸುತ್ತೇನೆ. ಅದರಲ್ಲಿ 'ಆದರೆ' ಬರಬಾರದು, 'ನಿಮಗೆ ಬೇಜಾರಾಗಿದ್ದರೆ' ಅನ್ನುವ 'ದ್ದರೆ' ಕೂಡ ಬರಬಾರದು. ಇಷ್ಟನ್ನು ಕಲಿಯಲು ಎಷ್ಟೋ ಮನೆಗಳಲ್ಲಿ ಮೂವತ್ತು ವರ್ಷ ಹಿಡಿಯುತ್ತದೆ. ಮೊದಲೇ ಕಲಿತರೆ ಆ ಮೂವತ್ತು ವರ್ಷ ಉಳಿಯುತ್ತದೆ.

ಗಡಿಯಾರದ ಮುಳ್ಳು

ಅಂಗಳ ಮೇಡಂ ಹೇಳಿದ 'ಆಗಲ್ಲ'ಕ್ಕೆ ಸೇರಿದ್ದೇ ಇನ್ನೊಂದು. ಒಪ್ಪಿಕೊಳ್ಳುವುದು ಹೆಚ್ಚಾಗಲು ಒಂದು ಕಾರಣ ದಾಕ್ಷಿಣ್ಯ, ಇನ್ನೊಂದು ತಪ್ಪು ಅಂದಾಜು. 1994ರಲ್ಲಿ ರೋಜರ್ ಬ್ಯೂಲರ್ ತಂಡ ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳಿಗೆ ಎಷ್ಟು ದಿನ ಬೇಕು ಅಂತ ಕೇಳಿತು. ಸರಾಸರಿ ಅಂದಾಜು 33.9 ದಿನ, ಹಿಡಿದದ್ದು 55.5 ದಿನ. 'ಎಲ್ಲವೂ ಕೆಟ್ಟದಾಗಿ ನಡೆದರೆ' ಅಂತ ಕೇಳಿದಾಗ ಹೇಳಿದ್ದು 48.6. ಅಂದರೆ ನಿಜ, ಅವರು ಊಹಿಸಿದ ಕೆಟ್ಟ ಸ್ಥಿತಿಗಿಂತಲೂ ನಿಧಾನ.

ನಡೆಯಬೇಕಾದ್ದನ್ನು ಕಣ್ಣ ಮುಂದೆ ತಂದುಕೊಂಡಾಗ ಅಡ್ಡಿಗಳು ಕಾಣುವುದಿಲ್ಲ, ಅದಕ್ಕೇ ಹೀಗಾಗುತ್ತದೆ. ಹಿಂದೆ ಮಾಡಿದ ಅದೇ ಬಗೆಯ ಮೂರು ಕೆಲಸಕ್ಕೆ ನಿಜವಾಗಿ ಎಷ್ಟು ದಿನ ಹಿಡಿಯಿತು ಅಂತ ನೋಡಿ, ನಡುವಿನದನ್ನು ತೆಗೆದುಕೊಳ್ಳಿ. ದಾಖಲೆ ಇಲ್ಲದಿದ್ದರೆ ತೋಚಿದ ಅಂದಾಜಿಗೆ ಅರ್ಧ ಸೇರಿಸಿ, ಇವತ್ತಿನಿಂದ ಬರೆದಿಡಲು ಶುರುಮಾಡಿ.

ಎಣಿಕೆಪುಸ್ತಕ

ಉಳಿತಾಯಕ್ಕೂ ಇದೇ ನ್ಯಾಯ. ಈಗ ಕೈಗೆ ಬಂದದ್ದನ್ನು ಕೊಡುವುದು ಕಷ್ಟ, ಮುಂದೆ ಬರುವುದರಲ್ಲಿ ಪಾಲು ಒಪ್ಪುವುದು ಸುಲಭ. ರಿಚರ್ಡ್ ಥೇಲರ್ ಮತ್ತು ಶ್ಲೋಮೋ ಬೆನಾರ್ಟ್ಸಿ 2004ರಲ್ಲಿ ಪ್ರಕಟಿಸಿದ ಯೋಜನೆಯಲ್ಲಿ ನೌಕರರು ಮುಂದಿನ ಸಂಬಳ ಏರಿಕೆಯ ಒಂದು ಭಾಗ ಉಳಿತಾಯಕ್ಕೆ ತಾನಾಗಿ ಹೋಗಲಿ ಅಂತ ಮೊದಲೇ ಸಹಿ ಹಾಕಿದರು. 40 ತಿಂಗಳಲ್ಲಿ ಅವರ ಉಳಿತಾಯ ಸಂಬಳದ 3.5 ಶೇಕಡಾದಿಂದ 13.6ಕ್ಕೆ ಏರಿತು. ಪ್ರತಿ ತಿಂಗಳೂ ಗಟ್ಟಿ ಮನಸ್ಸು ಮಾಡಿದವರಲ್ಲ ಅವರು, ಒಂದು ಸಲ ಸಹಿ ಹಾಕಿದವರು.

ನಡುಹಗಲು

ಎಲ್ಲವನ್ನೂ ಓದಿ ಹೀಗೊಂದು ಪಟ್ಟಿ ಬರೆದಿದ್ದೇನೆ, ತಿದ್ದಿ ಕೊಡಿ. ಬೆಳಿಗ್ಗೆ ಬೇಗ ಏಳುವುದು. ಅರ್ಧ ಗಂಟೆ ನಡಿಗೆ. ಕುರ್ಚಿ ವ್ಯಾಯಾಮ. ರಾತ್ರಿ ಇಪ್ಪತ್ತು ಪುಟ ಓದು. ಸಿಟ್ಟು ಮಾಡಿಕೊಳ್ಳದಿರುವುದು. ಸೋಮವಾರದಿಂದ ಶುರು.

ನಿಧಾನ

ಮೂರು ಹೊಡೆದುಹಾಕಿ. 'ಸಿಟ್ಟು ಮಾಡಿಕೊಳ್ಳದಿರುವುದು' ಮೊದಲು ಹೋಗಲಿ, ಅದು ಕೆಲಸವಲ್ಲ, ಆಸೆ. ಅದರ ಜಾಗದಲ್ಲಿ ಒಂದು ವಾರ ಮೈಯ ಗುರುತು ಹಿಡಿಯುವುದು ಮಾತ್ರ ಇರಲಿ, ಬದಲಿಸುವುದು ಆಮೇಲೆ. ನಡಿಗೆಯೂ ಬೇಗ ಏಳುವುದೂ ಒಂದಕ್ಕೊಂದು ಅಂಟಿಕೊಂಡಿವೆ. ಬೇಗ ಏಳದ ದಿನ ಎರಡೂ ಕೆಡುತ್ತವೆ, ಎರಡು ಕೆಲಸ ಬಿಟ್ಟುಹೋದದ್ದು ನೋಡಿ ಮನಸ್ಸು ಕುಗ್ಗುತ್ತದೆ. ಎರಡನ್ನೂ ಸದ್ಯಕ್ಕೆ ಬಿಡಿ. ಸೋಮವಾರಕ್ಕೂ ಕಾಯಬೇಡಿ, ಇವತ್ತೇ ಶುರು.

ಎಣಿಕೆಪುಸ್ತಕ

ಒಪ್ಪುತ್ತೇನೆ. ಉಳಿದದ್ದರಲ್ಲಿ ಓದನ್ನೇ ಮೊದಲು ಹಿಡಿಯಿರಿ, ಇಪ್ಪತ್ತು ಪುಟವಲ್ಲ, ಎರಡು. ವಾಕ್ಯ ಹೀಗಿರಲಿ: 'ಹೊರಗಿನ ಕೋಣೆಯಲ್ಲಿ ಫೋನನ್ನು ಚಾರ್ಜಿಗೆ ಹಾಕಿದ ಕೂಡಲೇ ಹೋಗಿ ಹಾಸಿಗೆಯ ಮೇಲೆ ಕೂತು ಎರಡು ಪುಟ ಓದುತ್ತೇನೆ.' ಕೊಕ್ಕೆಗೂ ಕೆಲಸಕ್ಕೂ ನಡುವೆ ಕೋಣೆ ಬದಲಾಗುತ್ತದೆ ಅನ್ನುವ ನನ್ನದೇ ಆಕ್ಷೇಪ ಇಲ್ಲಿ ಬರುತ್ತದೆ. ಆದರೆ ಮಲಗುವ ಹೊತ್ತಿಗೆ ಕಾಲು ಹಾಸಿಗೆಯ ಕಡೆಗೇ ಹೋಗುತ್ತದೆ, ದಿಂಬಿನ ಮೇಲಿನ ಪುಸ್ತಕ ಉಳಿದದ್ದನ್ನು ನೋಡಿಕೊಳ್ಳುತ್ತದೆ. ಎರಡು ವಾರದಲ್ಲಿ ಹನ್ನೆರಡು ದಿನ ಆದರೆ ಮೂರು ಪುಟ ಮಾಡಿ. ಹತ್ತಕ್ಕಿಂತ ಕಡಿಮೆಯಾದರೆ ಒಂದು ಪುಟಕ್ಕೆ ಇಳಿಸಿ. ಕುರ್ಚಿ ವ್ಯಾಯಾಮ ಆರನೇ ವಾರದ ನಂತರ ಸೇರಲಿ.

ಗುರುತು ಹಾಕುವುದು ಕಾಗದದ ಮೇಲೆ. ಫೋನಿನಲ್ಲಿ ಬೇಡ, ಗೀಟು ಹಾಕಲು ತೆರೆದ ಫೋನ್ ಅಷ್ಟಕ್ಕೇ ಮುಚ್ಚುವುದಿಲ್ಲ. ಹಾಸಿಗೆಯ ತಲೆಯ ಕಡೆ ಗೋಡೆಗೆ ಒಂದು ಹಾಳೆ ಅಂಟಿಸಿ, 84 ಚೌಕ ಎಳೆಯಿರಿ, ಒಂದು ಸಾಲಿಗೆ ಏಳರಂತೆ ಹನ್ನೆರಡು ಸಾಲು. ಓದಿದ ದಿನ ಗೀಟು, ತಪ್ಪಿದ ದಿನ ಖಾಲಿ, ಕೆಂಪು ಬಣ್ಣದ ತಪ್ಪು ಗುರುತು ಬೇಡ. ಮತ್ತೆ ಪೆನ್ನನ್ನು ದಾರ ಕಟ್ಟಿ ಹಾಳೆಗೇ ನೇತುಹಾಕಿ. ಹೆಚ್ಚಿನ ಹಾಳೆಗಳು ಮೂರನೇ ಸಾಲಿಗೆ ನಿಲ್ಲುವುದು ಪೆನ್ನು ಹತ್ತಿರ ಇಲ್ಲದೆ.